ಘಾಟಿಗೂ ಅಂಜದ ಕಣ್ಣು

ಗಲಗಲಿ ಸರ್ ನೋಡಿಬಿಟ್ಟರೇನೋ.

ಬೆಳಗಿನ ಸಭೆ ಮುಗಿದಾಗಿನಿಂದ ಶಿವಲೀಲಾಳನ್ನು ಕೊರೆಯುತ್ತಿದ್ದ ಚಿಂತೆ ಇಷ್ಟೇ. ಸಭೆಯ ನಡುವೆ ಬಣ್ಣದ ಕನ್ನಡಕ ತೆಗೆದು ಒರೆಸಿಕೊಳ್ಳುವಾಗ ಎಲ್ಲರೆದುರು ಕಣ್ಣು ಮಿಟುಕಿಸಿಬಿಟ್ಟಿದ್ದಳು. ಒಮ್ಮೆಯಲ್ಲ, ಪಿಳಿಪಿಳಿ ಅಂತ ಮೇಲಿಂದ ಮೇಲೆ. ಊಟದ ಬಿಡುವಿನಲ್ಲಿ ಲ್ಯಾಬಿನ ಮೂಲೆ ಹಿಡಿದು ಡೈರಿಯಲ್ಲಿ ಬರೆದುಕೊಂಡಳು: ‘ನನ್ನ ರೆಪ್ಪೆಗಳಿಗೆ ಮಾನ ಮರ್ಯಾದೆ ಇಲ್ಲ.’ ಬರೆದದ್ದನ್ನು ಓದಿ ನಾಚಿಕೆಯಾಗಿ, ಇನ್ನೆರಡು ಸಲ ಮಿಟುಕಿಸಿದಳು.

ನಗುವ ಮಾತಲ್ಲ. ಆ ಕಾಲಕ್ಕೆ ಗದಗಿನಂಥ ಊರಿನಲ್ಲೂ ನಾಲ್ಕು ಜನರೆದುರು ಕಣ್ಣು ಮಿಟುಕಿಸುವುದೆಂದರೆ ನಾಲ್ಕು ಜನರೆದುರು ಮೂಗಿನಲ್ಲಿ ಬೆರಳಾಡಿಸಿದಂತೆ. ಅದರಲ್ಲೂ ಶಿವಲೀಲಾ ಕೆಲಸಕ್ಕಿದ್ದದ್ದು ಜನರ ರೆಪ್ಪೆ ನಿಲ್ಲಿಸಿದ ಕಂಪನಿಯಲ್ಲೇ. ಬೆಲ್ಲದಂಗಡಿಯಲ್ಲಿ ಕುಳಿತು ಸಿಹಿ ಒಲ್ಲೆ ಎಂದಂತಿತ್ತು ಅವಳ ಪಾಡು.

ಕಂಪನಿಯ ಹೆಸರು ಅನಿಮಿಷ. ದೇವತೆಗಳು ರೆಪ್ಪೆ ಬಡಿಯುವುದಿಲ್ಲವಂತೆ, ಅದಕ್ಕೇ ಅವರು ಅನಿಮಿಷರು. ಮನುಷ್ಯರನ್ನೂ ದಿನಕ್ಕೊಂದು ಹನಿಯಂತೆ ದೇವತೆಗಳನ್ನಾಗಿ ಮಾಡುವ ಗುತ್ತಿಗೆಯನ್ನು ಕಂಪನಿ ಹಿಡಿದಿತ್ತು.

ಶುರುವಾದದ್ದು ಒಳ್ಳೆಯದಕ್ಕೇ. ಹಗಲಿಡೀ ಪರದೆ ನೋಡಿ ನೋಡಿ ಜನರ ಕಣ್ಣು ಒಣಗಿಹೋಗಿದ್ದವು. ಕಣ್ಣಿನ ಮೇಲಿರುವುದು ಬರೀ ನೀರಲ್ಲ. ತಳದಲ್ಲಿ ಲೋಳೆಯ ಪದರ, ನಡುವೆ ನೀರು, ಮೇಲೊಂದು ಎಣ್ಣೆಯ ತೆಳು ಪೊರೆ. ಲೋಳೆ ನೀರನ್ನು ಹಿಡಿದಿಡುತ್ತದೆ, ಎಣ್ಣೆ ಅದು ಆರದಂತೆ ಕಾಯುತ್ತದೆ. ಆ ಎಣ್ಣೆ ಒಸರುವುದು ರೆಪ್ಪೆಯಂಚಿನ ಸಣ್ಣ ಗ್ರಂಥಿಗಳಿಂದ. ರೆಪ್ಪೆ ಬಡಿದಾಗಲೆಲ್ಲ ಗಾಣ ಒಂದು ಸುತ್ತು ತಿರುಗಿದಂತೆ ಒಂದಿಷ್ಟು ಎಣ್ಣೆ ಹಿಂಡಿ, ದೋಸೆಯ ಕಾವಲಿಗೆ ಸವರಿದ ಹಾಗೆ ಕಣ್ಣಿಗೆಲ್ಲ ಸವರಿಕೊಳ್ಳುತ್ತದೆ. ಪರದೆಗೆ ಕಣ್ಣು ನೆಟ್ಟವನು ರೆಪ್ಪೆಯನ್ನೇ ಮರೆಯುತ್ತಾನೆ. ಗಾಣ ನಿಲ್ಲುತ್ತದೆ, ಎಣ್ಣೆ ಅಲ್ಲೇ ಹೆಪ್ಪುಗಟ್ಟುತ್ತದೆ, ನೀರು ಆರುತ್ತದೆ. ಮರಳು ಹೊಕ್ಕಂತೆ ಕಣ್ಣುರಿ, ಕದಡಿದ ಅಕ್ಷರ. ಆಗಾಗ ಕಣ್ಣು ಮುಚ್ಚಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ರೆಪ್ಪೆಗೆ ಒತ್ತಿ, ಪರದೆ ಬಿಟ್ಟು ಸ್ವಲ್ಪ ಹೊರಗೆ ನೋಡಿ ಎಂದು ವೈದ್ಯರು ಹೇಳುತ್ತಿದ್ದರು. ಬಿಟ್ಟಿ ಸಿಗುವ ಉಪಾಯಕ್ಕೆ ಬೆಲೆ ಕೊಡುವಷ್ಟು ಜನ ದಡ್ಡರಾಗಿರಲಿಲ್ಲ. ಅವರಿಗೆ ಬೇರೆ ಜಾತಿಯ ದಡ್ಡತನವಿತ್ತು.

ಅನಿಮಿಷದ ಒಂದು ಹನಿ ಬೆಳಿಗ್ಗೆ ಬಿಟ್ಟುಕೊಂಡರೆ ಅದರೊಳಗಿನ ಅಂಟು ಕಣ್ಣಿನ ಮೇಲೆ ಗಾಜಿನಂಥ ಪೊರೆ ಕಟ್ಟಿ ಸಂಜೆಯ ತನಕ ತೇವ ಹಿಡಿಯುತ್ತಿತ್ತು. ಜೊತೆಗೊಂದು ಶಮನಕ. ‘ಒಣಗುತ್ತಿದೆ, ಮುಚ್ಚು’ ಎಂದು ಕರಿಗುಡ್ಡೆಯ ನರಗಳು ಮಿದುಳಿಗೆ ಕಳಿಸುವ ದೂರನ್ನು ಅದು ಅಲ್ಲಲ್ಲೇ ಸುಮ್ಮನಾಗಿಸುತ್ತಿತ್ತು. ದೂರು ಬರದ ಮೇಲೆ ರೆಪ್ಪೆ ಯಾಕೆ ಎದ್ದು ಬಿದ್ದೀತು?

ಕೆಲವೇ ವರ್ಷಗಳಲ್ಲಿ ರೆಪ್ಪೆ ಬಡಿಯುವುದು ಕೀಳು ಜನರ ಚಾಳಿಯಾಯಿತು. ಸಂದರ್ಶನದಲ್ಲಿ ಮಿಟುಕಿಸಿದರೆ ಏಕಾಗ್ರತೆ ಸಾಲದು. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದನ್ನು ಬಿಟ್ಟು ಹುಡುಗಿಯ ಕಣ್ಣನ್ನೇ ನೋಡುತ್ತ ಕೂರುತ್ತಿದ್ದರು. ಉಪ್ಪಿಟ್ಟು ತಿಂದು ಮುಗಿಸುವ ತನಕ ಅವಳ ರೆಪ್ಪೆ ಅಲುಗದಿದ್ದರೆ ಮನೆತನ ಒಳ್ಳೆಯದು. ರಾಜಕಾರಣಿಗಳು ಸುಳ್ಳು ಹೇಳುವಾಗ ಮೊದಲೂ ಮಿಟುಕಿಸುತ್ತಿರಲಿಲ್ಲ, ಅವರಿಗೆ ಹನಿಯ ಖರ್ಚು ಉಳಿಯಿತು. ಬಸ್ಸು ಹತ್ತಿದರೆ ಸೀಟಿನ ತುಂಬ ಸಂತೆಯ ಮೀನುಗಳಂತೆ ತೆರೆದ ಕಣ್ಣುಗಳು. ಪೋಲಿ ಹುಡುಗರು ಕಣ್ಣು ಹೊಡೆಯುವುದನ್ನೇ ಮರೆತಿದ್ದರು. ಇಡೀ ಆವಿಷ್ಕಾರದಿಂದ ಲೋಕಕ್ಕಾದ ಲಾಭ ಅದೊಂದೇ ಎಂದು ಶಿವಲೀಲಾ ಡೈರಿಯಲ್ಲಿ ಬರೆದಿದ್ದಳು. ಹನಿ ಹಾಕದವರಿಗೆ ‘ಪಿಳಿಪಿಳಿ’ ಎಂಬ ಹೆಸರು ಬಿತ್ತು. ಹನಿಯ ಬಗ್ಗೆ ಅನುಮಾನ ಎತ್ತಿದ ಒಬ್ಬಿಬ್ಬರು ಕಣ್ಣಿನ ಡಾಕ್ಟರರೂ ಪಿಳಿಪಿಳಿಗಳೇ ಆಗಿದ್ದರಿಂದ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿವಲೀಲಾ ಹನಿ ಹಾಕಿಕೊಳ್ಳದೆ ಇದ್ದದ್ದು ದೊಡ್ಡ ತಿಳಿವಳಿಕೆಯಿಂದೇನಲ್ಲ. ಹನಿ ಕಣ್ಣಿಗೆ ಬೀಳುವುದನ್ನು ನೋಡಿದರೇ ಅವಳಿಗೆ ಭಯ. ಚಿಕ್ಕವಳಿದ್ದಾಗ ಕಣ್ಣು ಬಂದರೆ ಅವ್ವ ಎದೆಯ ಮೇಲೆ ಮೊಣಕಾಲಿಟ್ಟು ಔಷಧ ಬಿಡಬೇಕಾಗುತ್ತಿತ್ತು. ಈಗ ಎಂ.ಎಸ್ಸಿ. ಮುಗಿಸಿ, ದಿನಕ್ಕೆ ನೂರಾರು ಕಣ್ಣುಗಳ ಚಿತ್ರ ನೋಡುವ ಕೆಲಸ ಹಿಡಿದರೂ ಭಯ ಹೋಗಿರಲಿಲ್ಲ. ಬೆಳಕು ಆಗಿಬರುವುದಿಲ್ಲ ಎಂದು ಸುಳ್ಳು ಹೇಳಿ ಬಣ್ಣದ ಕನ್ನಡಕದ ಹಿಂದೆ ಕಳ್ಳತನದಿಂದ ಮಿಟುಕಿಸುತ್ತಿದ್ದಳು.

“ಏನಽ ಲೀಲಾ, ಅಲ್ಲೆ ಮೂಲ್ಯಾಗ ಕುಂತು ಯಾರಿಗೆ ಪ್ರೇಮಪತ್ರ ಬರಿಯಾಕತ್ತೀ?” ಎನ್ನುತ್ತ ಫರ್ಜಾನಾ ಬಂದಳು. ಪಕ್ಕದ ಮೇಜಿನ ಗೆಳತಿ. ಬಾಯಿಗೆ ಬೀಗವಿಲ್ಲ, ರೆಪ್ಪೆಗೆ ಚಲನೆಯಿಲ್ಲ. “ಗಲಗಲಿ ಸಾಹೇಬ್ರು ಕರಿಯಾಕತ್ತಾರ ನೋಡು. ಮಾರಿ ತುಂಬ ನಗಿ ಐತಿ. ಯಾರಿಗೋ ಗ್ರಹಚಾರ ಕಾದೈತಿ.”

ಡಾಕ್ಟರ್ ಮುಕುಂದ ಗಲಗಲಿ ಅನಿಮಿಷದ ಮುಖ್ಯ ವಿಜ್ಞಾನಿ. ವಿಜ್ಞಾನ ಬಿಟ್ಟು ಬಹಳ ದಿನವಾಗಿತ್ತು, ಮುಖ್ಯ ಮಾತ್ರ ಉಳಿದಿತ್ತು. ಅವನ ಗೋಡೆಯ ಮೇಲೆ ಆಳೆತ್ತರದ ಪೋಸ್ಟರು: ಒಗ್ಗರಣೆಯ ಹೊಗೆಯ ನಡುವೆ ಒಬ್ಬ ಹೆಂಗಸು ಕಣ್ಣರಳಿಸಿ ನಗುತ್ತಿದ್ದಾಳೆ. ಕೆಳಗೆ ದಪ್ಪಕ್ಷರದಲ್ಲಿ ‘ಘಾಟಿಗೂ ಅಂಜದ ಕಣ್ಣು’. ಆ ಹೆಂಗಸು ಶಿವಲೀಲಾಳ ಅವ್ವ ಶಕುಂತಲವ್ವ.

“ಬಾರವಾ, ಬಾ,” ಎಂದ ಗಲಗಲಿ. “ಶಾಲಿ ಮಕ್ಕಳಿಗೆ ‘ಬಾಲ ಅನಿಮಿಷ’ ಕೊಡೋ ಯೋಜನಾ ಮಂಜೂರಾಗೇದ. ಉದ್ಘಾಟನಾ ನಮ್ಮೂರಾಗನಽ. ಮಂತ್ರಿಗಳು ಬರ್ತಾರ. ಘಾಟು ಪರೀಕ್ಷಾ ಮಾಡೋಣು, ಮುಗಿದ ಕೂಡ್ಲೆ ಅಲ್ಲೇ ಮಕ್ಕಳಿಗೆ ಹನಿ. ವೇದಿಕಿ ಮ್ಯಾಲೆ ನಿಮ್ಮ ತಾಯಿ ನಿಂದ್ರತಾರ. ನೀ ಮೈಕ್ ಹಿಡೀಬೇಕು. ಒಂದಽ ಪ್ರಶ್ನಿ: ‘ಅವ್ವಾ, ಉರೀತೈತೇನು?’ ಆಕಿ ‘ಇಲ್ಲ’ ಅಂತಾಳ. ಮುಗೀತು. ಮಗಳು ಕೇಳೋದು, ತಾಯಿ ಹೇಳೋದು. ಜನಾ ಕಣ್ಣೀರು ಹಾಕಬೇಕು. ಹಾಕೋಹಂಗಿದ್ರ!” ತನ್ನ ಜೋಕಿಗೆ ತಾನೇ ನಕ್ಕ.

ಘಾಟು ಪರೀಕ್ಷೆ ಅವನದೇ ಬುದ್ಧಿ. ಊರೂರಿನಲ್ಲಿ ವೇದಿಕೆಯ ಮೇಲೆ ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿಡುವುದು. ಅನಿಮಿಷದವರು ಬಾಣಲೆಗೆ ಬಗ್ಗಿ ನಗುತ್ತ ನಿಲ್ಲುವುದು. ಜನ ಕೆಮ್ಮುತ್ತಲೇ ಚಪ್ಪಾಳೆ ತಟ್ಟುವುದು. ಖಾರ ತಿಂದು ‘ಇದೇನ ಖಾರ’ ಎಂದು ಮೀಸೆ ತಿರುವುವ ನಾಡಿನಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಯಾರಿಗೆ ಬೇಕು?

“ಹೂಂ ಸರ್,” ಎಂದಳು ಶಿವಲೀಲಾ. ಆ ಎರಡು ಶಬ್ದ ಬಿಟ್ಟು ಮೂರನೆಯದನ್ನು ಅವಳು ಆ ಕೋಣೆಯಲ್ಲಿ ಆಡಿದ್ದೇ ಕಡಿಮೆ.

ಅವ್ವನ ಖಾನಾವಳಿ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ. ಹರೆಯವೆಲ್ಲ ಒಲೆಯ ಹೊಗೆಗೆ ಕಣ್ಣು ಕೊಟ್ಟು, ಸೆರಗಿನಿಂದ ನೀರೊರೆಸುತ್ತಲೇ ರೊಟ್ಟಿ ಬಡಿದವಳು ಶಕುಂತಲವ್ವ. ಅನಿಮಿಷ ಬಂದ ಮೇಲೆ ಸೆರಗು ಒಣಗಿತು. ಪೋಸ್ಟರು ಬಂದ ಮೇಲಂತೂ ನಡಿಗೆಯೇ ಬದಲಾಯಿತು. ಅಷ್ಟು ವರ್ಷ ‘ರೊಟ್ಟಿ ಶಕ್ಕವ್ವ’ ಎನ್ನುತ್ತಿದ್ದವರು ಈಗ ‘ಮೇಡಂ’ ಎನ್ನುತ್ತಿದ್ದರು.

ಆ ಸಂಜೆ ಶಿವಲೀಲಾ ಒಳಗೆ ಕಾಲಿಟ್ಟಾಗ ರಾಚಯ್ಯ ಮಾಸ್ತರರು ತಟ್ಟೆಯ ಮುಂದೆ ದವಡೆ ಹಿಡಿದುಕೊಂಡಿದ್ದರು. ದಿನಾ ಅಲ್ಲಿಯೇ ಉಣ್ಣುವ ನಿವೃತ್ತ ಮೇಷ್ಟ್ರು.

“ಶಕುಂತಲವ್ವಾ, ಮತ್ತ ಅನ್ನದಾಗ ಹರಳು!”

“ನಿಮ್ಮ ಹಲ್ಲ ಗಟ್ಟಿ ಅದಾವಿಲ್ಲೋ ಅಂತ ನೋಡಿದ್ನಿರಿ, ಮಾಸ್ತರ.” ಅವ್ವ ಜೋರಾಗಿ ನಕ್ಕಳು. ಮಗಳನ್ನು ಒಳಗೆ ಕರೆದು ದನಿ ತಗ್ಗಿಸಿದಳು. “ಈ ಬಲ್ಬ್ ಸುಮಾರದಾವವಾ. ಒಂದೊಂದರ ಸುತ್ತ ಬಳಿ ತೊಡಿಸಿದಂಗ ಕಾಣತೈತಿ. ಅಕ್ಕಿ ಆರಸಾಕ ಹೋದ್ರ ಹರಳು ಯಾವ್ದು, ಅಕ್ಕಿ ಯಾವ್ದು ತಿಳಿಯವಲ್ದು. ನಾಳಿ ಬ್ಯಾರೆ ತಂದ ಹಾಕಸ್ಬೇಕು.”

ಬಲ್ಬು ಹೋದ ತಿಂಗಳಷ್ಟೇ ಬದಲಾಯಿಸಿದ್ದು.

ಅವ್ವ ಒಲೆಯ ಮುಂದೆ ಕುಳಿತು ಹಿಟ್ಟು ಮಿದ್ದಳು. ಕೊಣಮಿಗೆಯ ಮರದ ತಟ್ಟೆಯಲ್ಲಿ ಒಣಹಿಟ್ಟು ಉದುರಿಸಿ ರೊಟ್ಟಿ ಬಡಿಯತೊಡಗಿದಳು. ಪಟಪಟ ಸದ್ದಿನ ಜೊತೆ ಹಿಟ್ಟು ಮೇಲೆದ್ದಿತು. ಅವಳ ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ಕುಳಿತಿತು. ಕಣ್ಣಿನ ಮೇಲೂ ಕುಳಿತಿತು. ಕಪಾಟಿನ ಕನ್ನಡಿಯ ಮೇಲೆ ಧೂಳು ಕೂರುವಂತೆ, ಕರಿಗುಡ್ಡೆಯ ನಡುಮಧ್ಯೆ, ಬೆಳ್ಳಗೆ. ಶಿವಲೀಲಾ ಕಾದಳು. ಈಗ ಒರೆಸಿಕೊಳ್ಳುತ್ತಾಳೆ. ಈಗ ಮಿಟುಕಿಸುತ್ತಾಳೆ. ಅವ್ವ ರೊಟ್ಟಿ ತಿರುವಿ ಹಾಕಿ, ಹಿಟ್ಟು ಮೆತ್ತಿದ ಕಣ್ಣನ್ನು ಹಾಗೇ ಮಗಳ ಕಡೆ ಹೊರಳಿಸಿ ಕೇಳಿದಳು, “ಏನ ನೋಡಾಕತ್ತೀ ದೆವ್ವ ಕಂಡವರಂಗ?”

ಶಿವಲೀಲಾಳ ಗಂಟಲಿಗೆ ಮಾತು ಬಂತು. ಅಲ್ಲಿಂದ ಅದು ಎಂದಿನಂತೆ ಸುತ್ತು ಬಳಸಿನ ದಾರಿ ಹಿಡಿಯಿತು. “ಅವ್ವಾ, ಮಾರಿ ತೊಳ್ಕೊಬಾರದ?”

“ಯಾಕ, ನನ್ನ ಮಾರಿಗೆ ಏನಾಗೈತಿ? ಊರ ತುಂಬ ಹಚ್ಯಾರ ಅದನ್ನ.”

“ಅಲ್ಲವಾ... ಹನಿ ಒಂದ ನಾಕ ದಿನ ಬಿಟ್ಟ ನೋಡಿದ್ರ?”

“ಬಿಟ್ಟು? ನಿನ್ನಂಗ ಪಿಳಿಪಿಳಿ ಅಂತ ಕುಂದರ್ಲೇನು?” ಅವ್ವ ಕೊಣಮಿಗೆಯನ್ನು ಸರಿಸಿದಳು. “ಒಂದ ಹನಿಗೆ ಅಂಜೂವಾಕಿ ನನಗ ಬುದ್ಧಿ ಹೇಳಾಕ ಬಂದಾಳ. ನನ್ನ ಕಣ್ಣ ಎಷ್ಟ ಉರದಾವ ನಿನಗ ಗೊತ್ತೈತೇನು? ಈಗರೆ ಸುಖದಾಗ ಅದೀನಿ. ಮಂತ್ರಿ ಮುಂದ ನಿಂದ್ರಾಕಿ ಅದೀನಿ. ನಿಮ್ಮ ಸಾಹೇಬ್ರಿಗೆ ಹೇಳು, ಬ್ಯಾಡಗಿ ಮೆಣಸಿನಕಾಯಿ ತರಬ್ಯಾಡ್ರಿ ಅಂತ. ಅದು ಬಣ್ಣಕ್ಕ ಅಷ್ಟ. ಗುಂಟೂರ ತರಸ್ರಿ ಅನ್ನು.”

ಮರುದಿನ ಲ್ಯಾಬಿನಲ್ಲಿ ಶಿವಲೀಲಾ ಫರ್ಜಾನಾಳನ್ನು ಕುರ್ಚಿಯಲ್ಲಿ ಕೂರಿಸಿದಳು. ಹತ್ತಿಯ ಒಂದು ಎಳೆ ತೆಗೆದು ಹುರಿ ಮಾಡಿ ತುದಿಯನ್ನು ಚೂಪಾಗಿಸಿದಳು. ಕಣ್ಣಿನ ಪರೀಕ್ಷೆಗಳಲ್ಲಿ ಇದಕ್ಕಿಂತ ಹಳೆಯದೂ ಅಗ್ಗದ್ದೂ ಇಲ್ಲ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲಿ ಇರುವಷ್ಟು ನರಗಳು ಮೈಯಲ್ಲಿ ಬೇರೆಲ್ಲೂ ಇಲ್ಲ. ಹತ್ತಿಯ ಎಳೆ ಸೋಕಿದರೆ ಸಾಕು, ಎಂಥ ಶೂರನ ರೆಪ್ಪೆಯೂ ಬಾಗಿಲಿಕ್ಕಿಕೊಳ್ಳುತ್ತದೆ.

“ಜಲ್ದಿ ಮುಟ್ಟವಾ,” ಎಂದಳು ಫರ್ಜಾನಾ. “ಕ್ಯಾಂಟೀನ್‌ನಾಗ ಮಿರ್ಚಿ ಮುಗೀತಾವ.”

“ಮುಟ್ಟಾಕತ್ತೇನಿ.”

“ಹಾಂ?”

“ಈಗ ಮುಟ್ಟೇನಿ.” ಎಳೆಯ ತುದಿ ಗೆಳತಿಯ ಕರಿಗುಡ್ಡೆಯ ಮೇಲೆ ಬಾಗಿ ನಿಂತಿತ್ತು. ಫರ್ಜಾನಾಳ ಕಣ್ಣು ಮದುವೆ ಮನೆಯ ಬೊಂಬೆಯ ಕಣ್ಣಿನಂತೆ ತೆರೆದೇ ಇತ್ತು.

ಶಿವಲೀಲಾ ಹಳದಿ ಬಣ್ಣ ಹೀರಿದ ಕಾಗದವನ್ನು ಆ ಕಣ್ಣಿಗೆ ಸೋಕಿಸಿ, ನೀಲಿ ದೀಪ ಹಚ್ಚಿ ಚಿತ್ರ ತೆಗೆದಳು. ಕಾರ್ನಿಯಾ ಗಾಯವಾದಲ್ಲೆಲ್ಲ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಗಸಗಸೆ ಚೆಲ್ಲಿದಂತೆ ಕಣ್ಣಿನ ತುಂಬ ಹಸಿರು ಚುಕ್ಕೆಗಳು.

ಫರ್ಜಾನಾ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. “ನನಗೇನ ನೋವಿಲ್ಲಲ್ಲಽ,” ಎಂದಳು.

“ಅದಽ ಭಯ.” ಶಿವಲೀಲಾಳಿಗೆ ಈಗ ಎಲ್ಲ ಸರಪಳಿಯಂತೆ ಕಾಣುತ್ತಿತ್ತು. ಬಾಯಿ ಮುಚ್ಚಿಸಿ ಮುಚ್ಚಿಸಿ ನರಗಳು ಒಣಗಿಹೋಗಿವೆ. ಆ ನರಗಳು ಬರೀ ದೂರು ಹೇಳುವವಲ್ಲ, ಕಾರ್ನಿಯಾಕ್ಕೆ ಪೋಷಣೆ ಕೊಡುವವೂ ಅವೇ. ನರ ಸತ್ತರೆ ಗಾಯ ಮಾಯುವುದಿಲ್ಲ. ಮಾಯದ ಗಾಯ ಹುಣ್ಣಾಗುತ್ತದೆ, ಹುಣ್ಣು ಬಿಳಿ ಕಲೆಯಾಗುತ್ತದೆ, ಕಲೆಯ ಹಿಂದಿನಿಂದ ಲೋಕ ಕಾಣುವುದಿಲ್ಲ. ಈಗಲೇ ಹನಿ ನಿಲ್ಲಿಸಿದರೆ ನರಗಳು ಚಿಗುರಿಯಾವು, ನಿಧಾನಕ್ಕೆ. ಪೂರ್ತಿ ಸತ್ತ ಮೇಲೆ ಇಲ್ಲ. ಅವ್ವನ ಬಲ್ಬುಗಳಿಗೆ ಬಳೆ ತೊಡಿಸಿದವರು ಯಾರೆಂದು ತಿಳಿಯಿತು.

“ಸಾಹೇಬ್ರಿಗೆ ಹೇಳು,” ಎಂದಳು ಫರ್ಜಾನಾ. “ನಾ ಅಂತೂ ಹೇಳಂಗಿಲ್ಲವಾ. ನನ್ನ ನಿಖಾ ಮುಂದಿನ ತಿಂಗಳ ಐತಿ. ಈ ಕೆಲಸಾ ನೋಡೇ ಅವರು ಒಪ್ಯಾರ.”

ಶಿವಲೀಲಾ ಚಿತ್ರ ಹಿಡಿದು ಹೋದಳು. “ಸರ್, ಒಂದ ಸಣ್ಣ ಡೌಟ್ ಇತ್ತು...”

ಗಲಗಲಿ ಚಿತ್ರವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮೇಜಿನ ಮೇಲಿಟ್ಟ, ಅದರ ಮೇಲೆ ಚಹಾದ ಕಪ್ಪು ಇಟ್ಟ. “ಯಾರರೆ ನೋವು ಅಂದಾರೇನು?”

“ಇಲ್ಲ ಸರ್.”

“ಉರಿ ಅಂದಾರೇನು?”

“ಇಲ್ಲ ಸರ್, ಆದ್ರ...”

“ನೋವಿಲ್ಲಂದ್ರ ರೋಗ ಎಲ್ಲೇದವಾ ತಂಗಿ? ಇಡೀ ರಾಜ್ಯದಾಗ ಒಂದು ದೂರು ಬಂದಿಲ್ಲ. ಒಂದು! ನೀ ಒಬ್ಬಾಕಿ ದೂರು ಹುಡುಕ್ಕೋತ ಹೊಂಟೀ.” ಅವನ ಅಲುಗದ ಕಣ್ಣುಗಳು ಅವಳ ಬಣ್ಣದ ಕನ್ನಡಕದ ಮೇಲೆ ನಿಂತವು. “ನೀ ಹನಿ ಹಾಕ್ಕೋತೀಯಲ್ಲ?”

“ಹೂಂ ಸರ್.”

ಹೊರಗೆ ಬಂದು ಕಾರಿಡಾರಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಗಲಗಲಿಯ ಮೇಲೆ ಅವಳಿಗಿದ್ದ ತಿರಸ್ಕಾರ ದೊಡ್ಡದು. ಆದರೂ ಆ ಹೊತ್ತಿಗೆ ಅದಕ್ಕಿಂತ ಒಂದು ಬೆರಳು ಮೇಲಿದ್ದದ್ದು ತನ್ನ ಮೇಲಿನದೇ. ಅವನಿಗೆ ನರ ಸತ್ತಿದೆ, ಕಾಣುವುದಿಲ್ಲ. ನರ ಸಾಯದ ನನಗೇನು ಧಾಡಿ?

ಉದ್ಘಾಟನೆ ಸರಕಾರಿ ಹೈಸ್ಕೂಲಿನ ಮೈದಾನದಲ್ಲಿ. ಶಾಮಿಯಾನದ ಮೊದಲ ಸಾಲುಗಳಲ್ಲಿ ಮಕ್ಕಳು, ಪಕ್ಕದ ಮೇಜಿನ ಮೇಲೆ ಟ್ರೇ ತುಂಬ ಪುಟ್ಟ ಸೀಸೆಗಳು, ಅವುಗಳ ಹಿಂದೆ ಕೈಗವಸು ಹಾಕಿಕೊಂಡು ಸಿದ್ಧವಾಗಿ ನಿಂತ ನರ್ಸುಗಳು. ವೇದಿಕೆಯ ಹಿಂದೆ ಮನೆಯೆತ್ತರದ ಪರದೆ. ಅದರ ಮೇಲೆ ಅವ್ವನ ಒಂದು ಕಣ್ಣು, ಎಮ್ಮೆಯಷ್ಟು ದೊಡ್ಡದಾಗಿ. ಕಣ್ಣು ಅಲುಗದೆ ಇರುವುದನ್ನು ಊರೆಲ್ಲ ನೋಡಲಿ ಎಂದು ಕ್ಯಾಮೆರಾ ಇಡಿಸಿದವನು ಗಲಗಲಿಯೇ. ಮಂತ್ರಿಗಳು ಮಾತಾಡಿದರು. ಏನು ಮಾತಾಡಿದರೆಂದು ಮಂತ್ರಿಗಳಿಗೂ ನೆನಪಿರಲಾರದು. ಮಕ್ಕಳು ಮಾತ್ರ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಆಕಳಿಸುತ್ತ, ಒಬ್ಬರನ್ನೊಬ್ಬರು ಚಿವುಟುತ್ತ ಕುಳಿತಿದ್ದರು. ಇಡೀ ಮೈದಾನದಲ್ಲಿ ಜೀವವಿದ್ದ ಕಣ್ಣುಗಳು ಅವೇ.

ಅವ್ವ ಹೊಸ ಇಳಕಲ್ ಸೀರೆಯುಟ್ಟು ಬಾಣಲೆಯ ಮುಂದೆ ನಿಂತಳು. ಎಣ್ಣೆ ಕಾದಿತ್ತು. ಗುಂಟೂರೇ ತರಿಸಿದ್ದರು. ಹಿಡಿ ತುಂಬ ಮೆಣಸಿನಕಾಯಿಯನ್ನು ಮುರಿದು, ಬಾಣಲೆಗೆ ಚೆಲ್ಲಿ, ಅವ್ವ ಅದರ ಮೇಲೆ ಬಗ್ಗಿದಳು.

ಘಾಟು ಎದ್ದಿತು. ಮೊದಲು ಮಕ್ಕಳು ಕೆಮ್ಮಿದರು. ಕಣ್ಣುಜ್ಜಿಕೊಂಡು ಅತ್ತರು. ಹಿಂದಿನ ಸಾಲುಗಳಲ್ಲಿ ದೊಡ್ಡವರೂ ಕೆಮ್ಮಿದರು, ಕಣ್ಣು ಮಾತ್ರ ಒಣ. ಶಿವಲೀಲಾಳ ಕನ್ನಡಕದೊಳಗೆ ನೀರು ತುಂಬಿತು. ಅದನ್ನು ಕಿತ್ತು ಕೈಯಲ್ಲಿ ಹಿಡಿದಳು. ಮೂಗು, ಕಣ್ಣು ಎರಡೂ ಹರಿಯುತ್ತಿದ್ದವು. ರೆಪ್ಪೆಗಳು ಹುಚ್ಚೆದ್ದು ಬಡಿದುಕೊಳ್ಳುತ್ತಿದ್ದವು. ಹಿಂದಿನ ಸಾಲಿನ ದೊಡ್ಡವರಲ್ಲಿ ಯಾರೋ “ಅಯ್ಯ, ಪಿಳಿಪಿಳಿ!” ಎಂದು ಕಿಸಕ್ಕನೆ ನಕ್ಕರು. ಗಲಗಲಿಯ ಮುಖ ಬಿಗಿಯಿತು.

ಅಷ್ಟರಲ್ಲಿ ಬಾಣಲೆಯ ಎಣ್ಣೆ ಸಿಡಿಯಿತು. ಚಟ್ ಎಂದಿತು, ಅಷ್ಟೇ. ಅವ್ವ ನಗುತ್ತಲೇ ಇದ್ದಳು.

ಶಿವಲೀಲಾ ತಲೆಯೆತ್ತಿ ಪರದೆ ನೋಡಿದಳು. ಆ ದೊಡ್ಡ ಕಣ್ಣಿನ ಕರಿಗುಡ್ಡೆಯ ಮೇಲೆ ಹಳದಿಯ, ದುಂಡನೆಯ, ಎಣ್ಣೆ ಮೆತ್ತಿದ ಒಂದು ಬಿಲ್ಲೆ ಅಂಟಿಕೊಂಡಿತ್ತು. ಅದರ ಸುತ್ತ ಕಪ್ಪು ನಿಧಾನವಾಗಿ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಕಣ್ಣು ಮುಚ್ಚಲಿಲ್ಲ. ನೀರೂ ಬರಲಿಲ್ಲ. ಸಾವಿರ ಜನ ಅದನ್ನು ನೋಡುತ್ತಿದ್ದರು, ಒಬ್ಬರಿಗೂ ಕಾಣಲಿಲ್ಲ. ಕಣ್ಣು ಅಲುಗದ್ದಕ್ಕೆ ಚಪ್ಪಾಳೆ ಬಿತ್ತು. ಮಂತ್ರಿಗಳೂ ತಟ್ಟಿದರು. ನರ್ಸೊಬ್ಬಳು ಮೊದಲ ಸೀಸೆಯ ಮುಚ್ಚಳ ತಿರುವಿ ಮೊದಲ ಹುಡುಗಿಯ ಗದ್ದ ಹಿಡಿದು ಮೇಲೆತ್ತಿದಳು. ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ತಲೆ ಕೊಡವುತ್ತಿದ್ದಳು.

“ಕೇಳವಾ, ಕೇಳು,” ಎಂದು ಗಲಗಲಿ ಹಲ್ಲು ಕಚ್ಚಿ ಪಿಸುಗುಟ್ಟಿ, ಮೈಕನ್ನು ಅವಳ ಬಾಯಿಗೆ ಒತ್ತಿದ. “ಉರೀತೈತೇನು ಅಂತ ಕೇಳು.”

ಅವ್ವ ಮಗಳ ಕಡೆ ತಿರುಗಿದಳು. ‘ಇಲ್ಲ’ ಎನ್ನಲು ತುಟಿ ಆಗಲೇ ಸಿದ್ಧವಾಗಿತ್ತು. ಅವಳ ಅಷ್ಟೂ ವರ್ಷದ ಕಣ್ಣುರಿ, ಅದಕ್ಕೆ ಈಗ ಸಿಕ್ಕ ಮರ್ಯಾದೆ, ಆ ನಗುವಿನಲ್ಲಿತ್ತು. ಶಿವಲೀಲಾ ಊರೆದುರು, ಮಂತ್ರಿಯೆದುರು, ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದಳು. ಕಣ್ಣು ತೊಳೆದಂತೆ ನಿಚ್ಚಳವಾಯಿತು. ಮೈಕನ್ನು ಗಲಗಲಿಯ ಕೈಯಿಂದ ಕಿತ್ತುಕೊಂಡಳು.

“ಅವ್ವಾ, ನಿನ್ನ ಕಣ್ಣಾಗ ಮೆಣಸಿನಕಾಯಿ ಬೀಜ ಕುಂತು ಸುಡಾಕತ್ತೈತಿ. ನಿನಗ ಗೊತ್ತಽ ಆಗವಲ್ದು.”